ಪದಚರ್ಚೆ: ಆಸ್ಪತ್ರೆಯ ಫಲಕಕ್ಕೆ ‘ಪ್ರೈವಸಿ’ (ತುರ್ತು)

ಸು., ಶಿವಮೊಗ್ಗ:

ಎಲ್ಲರಿಗೂ ನಮಸ್ಕಾರ. ನಾಳೆ ಸಂಜೆಯೊಳಗೆ ಬೇಕಾಗಿದೆ, ಆದ್ದರಿಂದ ಪೀಠಿಕೆ ಬಿಟ್ಟು ವಿಷಯಕ್ಕೆ ಬರುತ್ತೇನೆ. ಇಲ್ಲಿನ ಒಂದು ಹೆರಿಗೆ ಆಸ್ಪತ್ರೆಯ ಇಂಗ್ಲಿಷ್ ಬರಹಗಳನ್ನು ಕನ್ನಡಕ್ಕೆ ತರುವ ಕೆಲಸ ಒಪ್ಪಿಕೊಂಡಿದ್ದೇನೆ. ಅದರಲ್ಲಿ ಮೂರು ಕಡೆ ‘ಪ್ರೈವಸಿ’ ಬರುತ್ತದೆ. ಮೊದಲನೆಯದು ತಪಾಸಣಾ ಕೊಠಡಿಯ ಬಾಗಿಲಿನ ಫಲಕ: ನಿಮ್ಮ ಪ್ರೈವಸಿಯನ್ನು ಗೌರವಿಸುತ್ತೇವೆ, ಕರೆಯುವ ತನಕ ಹೊರಗೆ ಕಾಯಿರಿ ಎಂಬ ಅರ್ಥದ್ದು. ಎರಡನೆಯದು ನೋಂದಣಿಯ ವೇಳೆ ಸಹಿ ಮಾಡಿಸಿಕೊಳ್ಳುವ ನಮೂನೆಯ ತಲೆಬರಹ, ‘ಪ್ರೈವಸಿ ನೋಟಿಸ್’. ಮೂರನೆಯದು ಅದೇ ನಮೂನೆಯ ಒಳಗೆ, ರೋಗಿಯ ಹಕ್ಕುಗಳ ಪಟ್ಟಿಯಲ್ಲಿ.

ಫೋನಿನ ಸೆಟ್ಟಿಂಗುಗಳಲ್ಲಿ ‘ಗೌಪ್ಯತೆ’ ಎಂದಿದೆ. ಅದನ್ನೇ ಬಾಗಿಲ ಮೇಲೆ ಬರೆದರೆ ಒಳಗೆ ಏನೋ ಮುಚ್ಚಿಡುವಂಥದ್ದು ನಡೆಯುತ್ತಿದೆ ಎಂಬ ಧ್ವನಿ ಬರುತ್ತದೆ. ಪತ್ರಿಕೆಗಳ ‘ಖಾಸಗಿತನ’ ಹಾಕೋಣವೆಂದರೆ, ಆಸ್ಪತ್ರೆಯ ಗೋಡೆಯ ಮೇಲೆ ‘ಖಾಸಗಿ’ ಎಂದು ಕಂಡವರು ಅದನ್ನು ಸರ್ಕಾರಿಯಲ್ಲದ್ದು, ದುಡ್ಡು ಕೊಡಬೇಕಾದ್ದು ಎಂದೇ ಓದಿಕೊಳ್ಳುತ್ತಾರೆ. ‘ಏಕಾಂತ’ವೂ ಹೊಂದುವುದಿಲ್ಲ, ಒಳಗೆ ವೈದ್ಯೆ, ದಾದಿ, ರೋಗಿ ಮೂವರಿರುತ್ತಾರೆ. ಮೂರೂ ಕಡೆಗೆ ಒಂದೇ ಪದ ಸಾಧ್ಯವೇ? ಇಲ್ಲದಿದ್ದರೆ ಯಾವುದು ಎಲ್ಲಿ? ಫಲಕ ಬರೆಯುವವರು ಸಾಲಿಗೆ ಇಪ್ಪತ್ತು ಅಕ್ಷರ ಮೀರಬಾರದು ಎಂದಿದ್ದಾರೆ.

ವೆಂ., ಮೈಸೂರು:

ಮೊದಲು ರೂಪ ಸರಿಯಾಗಲಿ. ‘ಗೌಪ್ಯತೆ’ ಅಸಾಧು. ಗುಪ್ ಧಾತುವಿನಿಂದ ಗೋಪ್ಯ, ಅದರ ಭಾವನಾಮ ಗೋಪ್ಯತೆ. ‘ಗೌ’ ಎಂಬ ವೃದ್ಧಿ ಎಲ್ಲಿಂದ ಬಂತು? ಬಂತೆಂದೇ ಇಟ್ಟುಕೊಂಡರೂ ಸೌಂದರ್ಯ, ಐಕ್ಯಗಳ ಹಾಗೆ ‘ಗೌಪ್ಯ’ವೇ ಭಾವನಾಮವಾಯಿತು, ಅದರ ಮೇಲೆ ಇನ್ನೊಂದು ‘ತೆ’ ಏಕೆ? ಸೌಂದರ್ಯತೆ, ಐಕ್ಯತೆ, ಪ್ರಾಮುಖ್ಯತೆ ಎಂದು ಬರೆಯುವ ಕೈಗಳೇ ಇದನ್ನೂ ಬರೆದಿವೆ. ಫೋನು ವ್ಯಾಕರಣಕ್ಕೆ ಪ್ರಮಾಣವಲ್ಲ.

ಇನ್ನು ಅರ್ಥ. ಗುಪ್ ಎಂದರೆ ಬಚ್ಚಿಡು ಎಂದಷ್ಟೇ ತಿಳಿದವರು ಗೋಪ್ಯತೆಯನ್ನು ದೂರುತ್ತಾರೆ. ಅದರ ಮೊದಲ ಅರ್ಥ ಕಾಪಾಡು. ಗೋಪ ಎಂದರೆ ಗೋವುಗಳನ್ನು ಕಾಯುವವನು. ಕಾಯುವುದರಿಂದ ರಕ್ಷಿಸುವ ಅರ್ಥ ಬಂತು, ರಕ್ಷಿಸುವುದರಿಂದ ಮರೆಮಾಡುವ ಅರ್ಥ ಬಂತು. ಗೋಪ್ಯವೆಂದರೆ ಕಾಪಾಡಬೇಕಾದದ್ದು. ರೋಗಿಯ ಮಾನ, ರೋಗಿಯ ಮಾಹಿತಿ ಎರಡೂ ಕಾಪಾಡಬೇಕಾದವೇ. ತೆಲುಗಿನವರೂ ಗೋಪ್ಯತ ಎಂದೇ ಬರೆಯುತ್ತಾರೆ. ಮೂರೂ ಕಡೆ ‘ಗೋಪ್ಯತೆ’ ಹಾಕಿ, ಮುಗಿಯಿತು.

ಗಿ., ಧಾರವಾಡ:

ಮುಗಿಯಲಿಲ್ಲ ಮೇಷ್ಟ್ರೇ. ಗೋಪ್ಯತೆಗೆ ಆಗಲೇ ಬೇರೆ ಕೆಲಸವಿದೆ. ಮಂತ್ರಿಗಳು ಅಧಿಕಾರ ಮತ್ತು ಗೋಪ್ಯತೆಯ ಪ್ರಮಾಣ ಸ್ವೀಕರಿಸುತ್ತಾರೆ. ಅದರ ಪಾಠ ಸಂವಿಧಾನದ ಮೂರನೆಯ ಅನುಸೂಚಿಯಲ್ಲಿದೆ. ಮಂತ್ರಿಯಾಗಿ ತನಗೆ ತಿಳಿದದ್ದನ್ನು ಹೊರಗೆ ಬಿಡುವುದಿಲ್ಲ ಎಂಬ ಮಾತು ಅದು. ಅದೊಂದು ಕರ್ತವ್ಯ. ಪ್ರೈವಸಿ ಹಕ್ಕು. ವೈದ್ಯರು ರೋಗಿಯ ವಿಷಯವನ್ನು ಬೇರೆಯವರಿಗೆ ಹೇಳದಿರುವುದು ಗೋಪ್ಯತೆ. ರೋಗಿ ತನ್ನ ದೇಹ, ತನ್ನ ಮಾತು, ತನ್ನ ಮನೆಯೊಳಗೆ ಯಾರನ್ನು ಬಿಟ್ಟುಕೊಳ್ಳಬೇಕು ಎಂದು ತಾನೇ ತೀರ್ಮಾನಿಸುವುದು ಪ್ರೈವಸಿ. ಎರಡಕ್ಕೂ ಒಂದೇ ಪದ ಕೊಟ್ಟರೆ ಸು. ಅವರ ನಮೂನೆಯಲ್ಲಿ ಆಸ್ಪತ್ರೆಯ ಹೊಣೆ ಯಾವುದು, ರೋಗಿಯ ಹಕ್ಕು ಯಾವುದು ಎಂಬುದು ಕಲಸಿಹೋಗುತ್ತದೆ.

ಹಕ್ಕಿನ ಮಟ್ಟಿಗೆ ಪದ ಸಿದ್ಧವಾಗಿದೆ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಇದು ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಆ ಪ್ರಕರಣದ ಅರ್ಜಿದಾರರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಆಧಾರ್ ವಿಷಯವಾಗಿ 2012ರಲ್ಲಿ ಅರ್ಜಿ ಹಾಕಿದಾಗ ಅವರು ಎಂಬತ್ತು ದಾಟಿದ್ದರು. ತೀರ್ಪು ಬಂದ ಮೇಲೆ ಕನ್ನಡ ಪತ್ರಿಕೆಗಳಲ್ಲಿ ‘ಖಾಸಗಿತನದ ಹಕ್ಕು’ ಎಂದು ಓದುತ್ತ ಬಂದಿದ್ದೇವೆ. ಬಳಕೆಯಲ್ಲಿ ನೆಲೆಯಾದ ಪದವನ್ನು ಕೀಳುವುದು ಬೇಡ.

ಈ ಇಂಗ್ಲಿಷ್ ಪದ ನಮ್ಮ ಕಾನೂನಿಗೆ ಹೊಸದಲ್ಲ ಎಂಬುದನ್ನೂ ಹೇಳಬೇಕು. 1860ರ ದಂಡ ಸಂಹಿತೆಯ 509ನೆಯ ಕಲಮಿನಲ್ಲಿಯೇ ಹೆಣ್ಣಿನ ಪ್ರೈವಸಿಗೆ ನುಗ್ಗುವುದು ಅಪರಾಧವೆಂದು ಇತ್ತು. ನೆರೆಯವರ ಜಾಗದ ಮೇಲಿರುವ ಹಕ್ಕುಗಳನ್ನು ಕುರಿತ 1882ರ ಈಸ್‌ಮೆಂಟ್ ಕಾಯ್ದೆಯ 18ನೆಯ ಕಲಮಿನ ಕೆಳಗೆ ಒಂದು ಉದಾಹರಣೆ ಕೊಟ್ಟಿದ್ದಾರೆ: ಒಂದು ಊರಿನ ರೂಢಿಯ ಪ್ರಕಾರ, ನೆರೆಮನೆಯವರ ಪ್ರೈವಸಿಗೆ ಭಂಗ ತರುವ ಹಾಗೆ ಯಾರೂ ತಮ್ಮ ಮನೆಗೆ ಹೊಸ ಕಿಟಕಿ ತೆರೆಯುವಂತಿಲ್ಲ. ಅದು ಕಿಟಕಿ, ಗೋಡೆ, ಹಿತ್ತಲಿನ ಜಗಳ. ಅಲ್ಲಿ ‘ಗೋಪ್ಯತೆ’ ಹಾಕಿ ಓದಿ ನೋಡಿ, ನೆರೆಮನೆಯವರು ಕಳ್ಳಮಾಲು ಇಟ್ಟುಕೊಂಡ ಹಾಗೆ ಕೇಳಿಸುತ್ತದೆ.

ಹ., ಬೆಂಗಳೂರು:

ಸಂಸ್ಕೃತ ಬೇಡವೆಂದವರು ಪಾರಸಿ ಹಿಡಿಯುತ್ತಾರೆ, ಪಾರಸಿ ಬೇಡವೆಂದವರು ಸಂಸ್ಕೃತ ಹಿಡಿಯುತ್ತಾರೆ. ಕನ್ನಡದ ಸರದಿ ಯಾವಾಗ? ಅರಬ್ಬಿಯ ‘ಖಾಸ್’ ಪಾರಸಿಗೆ ಹೋಗಿ ‘ಖಾಸಗೀ’ ಆಯಿತು, ಮರಾಠಿಯ ದಾರಿಯಾಗಿ ನಮಗೆ ಬಂತು. ಆ ‘ಖ’ವನ್ನು ನಮ್ಮ ಊರುಗಳಲ್ಲಿ ಎಷ್ಟು ಬಾಯಿಗಳು ಉಚ್ಚರಿಸುತ್ತವೆ? ಬಸ್ ನಿಲ್ದಾಣದಲ್ಲಿ ಕಿವಿಗೊಟ್ಟು ಕೇಳಿ, ‘ಕಾಸಗಿ’ ಎಂದೇ ಕೇಳಿಸುತ್ತದೆ. ಬಾಯಿಗೆ ಬಾರದ ಅಕ್ಷರವನ್ನು ಆಸ್ಪತ್ರೆಯ ಬಾಗಿಲಿಗೆ ಏಕೆ ಅಂಟಿಸಬೇಕು?

ನನ್ನ ಸಲಹೆ: ಮಾಹಿತಿಯ ವಿಷಯಕ್ಕೆ ‘ಗುಟ್ಟು’, ಹಕ್ಕಿನ ವಿಷಯಕ್ಕೆ ‘ತನ್ನಿರವು’. ತಾನು ತನ್ನ ಪಾಡಿಗೆ ಇರುವುದು ತನ್ನಿರವು. ಅರ್ಥ ತಾನಾಗಿಯೇ ತೆರೆದುಕೊಳ್ಳುತ್ತದೆ.

ವೆಂ., ಮೈಸೂರು:

‘ತನ್ನಿರವು’ ಯಾರಿಗೂ ತೆರೆದುಕೊಳ್ಳುವುದಿಲ್ಲ, ಕಟ್ಟಿದವರಿಗೆ ಮಾತ್ರ. ‘ಗುಟ್ಟು’ ಅಪ್ಪಟ ಕನ್ನಡವೆಂದು ಹಿಡಿದಿದ್ದೀರಿ, ಅದು ‘ಗುಪ್ತ’ದ ತದ್ಭವ. ನನ್ನ ಗೋಪ್ಯತೆಯನ್ನು ತಳ್ಳಿ ಅದರ ದಾಯಾದಿಯನ್ನೇ ಕರೆತಂದಿದ್ದೀರಿ.

ಹ., ಬೆಂಗಳೂರು:

ಗುಪ್ತ ಪ್ರಾಕೃತದಲ್ಲಿ ‘ಗುತ್ತ’ ಆಗುತ್ತದೆ. ಅಲ್ಲಿರುವುದು ದಂತ್ಯ, ನಾಲಗೆ ಹಲ್ಲಿಗೆ ತಾಗುವ ‘ತ’. ಸಪ್ತ ‘ಸತ್ತ’ ಆಯಿತೇ ಹೊರತು ‘ಸಟ್ಟ’ ಆಗಲಿಲ್ಲ. ‘ಗುಟ್ಟು’ವಿನ ಮೂರ್ಧನ್ಯ, ನಾಲಗೆ ಮಡಚಿ ನುಡಿಯುವ ‘ಟ’, ಎಲ್ಲಿಂದ ಬಂತು ಎಂದು ಮೊದಲು ತೋರಿಸಿ. ತೆಲುಗಿನಲ್ಲಿ ಗುಟ್ಟು ಇದೆ, ತಮಿಳಿನಲ್ಲಿ ಕುಟ್ಟು ಇದೆ, ಅವರಿಗೂ ಗುಟ್ಟು ಬಯಲಾಗುವ ನುಡಿಗಟ್ಟು ಇದೆ. ಇದು ನಮ್ಮ ಬಳಗದ ಪದ. ಮೇಷ್ಟ್ರ ತದ್ಭವ ಪಟ್ಟಿಯಲ್ಲಿ ಎಲ್ಲವೂ ಸಂಸ್ಕೃತದ ಮಕ್ಕಳೇ.

ವೆಂ., ಮೈಸೂರು:

ಧ್ವನಿವ್ಯತ್ಯಾಸದ ನಿಯಮಗಳಿಗೆ ಅಪವಾದಗಳಿವೆ. ಈ ಬಗ್ಗೆ ನಿಮ್ಮೊಡನೆ ವಾದಿಸುವುದಿಲ್ಲ.

ಲ., ಹಾವೇರಿ:

ಸು. ತಂಗಿ, ನಾನು ದಾದಿಯಾಗಿ ದುಡಿದು ನಿವೃತ್ತಳಾದವಳು, ವ್ಯಾಕರಣ ನನ್ನದಲ್ಲ. ನೀವು ಕೇಳಿದ ಕೊಠಡಿ ಮಾತ್ರ ನನಗೆ ಚೆನ್ನಾಗಿ ಗೊತ್ತು.

ನಾನು ಕೆಲಸ ಮಾಡಿದ ಒಂದು ಕಡೆ ತಪಾಸಣೆಯ ಮಂಚದ ಸುತ್ತ ಹಸಿರು ಬಟ್ಟೆಯ ಪರದೆ ಇತ್ತು. ತಂತಿಗೆ ಉಂಗುರ ಪೋಣಿಸಿದ್ದು. ಬಟ್ಟೆ ಎರಡು ಗೇಣು ಸಾಲದು, ಒಂದು ಬದಿ ಎಳೆದರೆ ಇನ್ನೊಂದು ಬದಿ ತೆರೆಯುತ್ತಿತ್ತು. ಗರ್ಭಿಣಿ ಮಂಚದ ಮೇಲೆ ಮಲಗಿರುವಾಗ ಚೀಟಿ ಹಿಡಿದವರು ಯಾರೋ ಬಾಗಿಲು ತಳ್ಳಿಕೊಂಡು ಒಳಗೆ ಬಂದು, ಎಕ್ಸ್‌ರೇ ಎಲ್ಲಿ ಎಂದು ಕೇಳುತ್ತಿದ್ದರು. ಹೊರಗೆ ಬೆಂಚಿನ ಮೇಲೆ ಕುಳಿತವರಿಗೆ ಕೇಳಿಸುವ ಹಾಗೆ, ಮುಟ್ಟು ನಿಂತು ಎಷ್ಟು ದಿನವಾಯಿತು, ಮೊದಲು ಗರ್ಭ ಇಳಿದಿತ್ತೇ ಎಂದು ನಮ್ಮವರೇ ಗಟ್ಟಿಯಾಗಿ ಕೇಳುತ್ತಿದ್ದರು. ಅತ್ತೆ ಪಕ್ಕದಲ್ಲಿ ಇರುತ್ತಿದ್ದಳು. ಆ ಹೆಣ್ಣುಮಗಳು ಉತ್ತರ ಹೇಳದೆ ಸೆರಗು ಬಾಯಿಗೆ ಹಿಡಿದು ಕೂರುತ್ತಿದ್ದಳು, ನಾವು ಚೀಟಿಯಲ್ಲಿ ‘ಇಲ್ಲ’ ಎಂದು ಬರೆದುಕೊಳ್ಳುತ್ತಿದ್ದೆವು. ಆ ‘ಇಲ್ಲ’ದಿಂದ ಹೆರಿಗೆಯಲ್ಲಿ ಏನೇನು ತೊಂದರೆಯಾಗುತ್ತದೆ ಎಂಬುದನ್ನು ಇಲ್ಲಿ ಬಿಡಿಸಿ ಹೇಳಬೇಕಿಲ್ಲ.

ಆ ಹೆಂಗಸರು ಯಾರೂ ಗೋಪ್ಯತೆ ಬೇಕು, ಖಾಸಗಿತನ ಬೇಕು ಎಂದು ನನ್ನ ಹತ್ತಿರ ಕೇಳಿದವರಲ್ಲ. ‘ಅಕ್ಕಾ, ಒಂದಿಷ್ಟು ಮರೆ ಮಾಡಿ’ ಎಂದರು. ‘ಇಲ್ಲಿ ಮರೆಯೇ ಇಲ್ಲ’ ಎಂದರು. ಮಾತಿನ ವಿಷಯಕ್ಕಾದರೆ ‘ಇದು ಹೊರಗೆ ಹೋಗುವುದು ಬೇಡ’ ಎಂದರು. ಅವರ ಮಾತನ್ನು ಬಿಟ್ಟು ಬೇರೆ ಪದ ಹುಡುಕುವುದು ನನಗೆ ಅರ್ಥವಾಗುವುದಿಲ್ಲ.

ಇನ್ನೊಂದು ಮಾತು. ಬಾಗಿಲ ಫಲಕಕ್ಕೆ ಆ ನಾಮಪದವೇ ಏಕೆ ಬೇಕು? ಬಾಗಿಲು ತಳ್ಳುವವನಿಗೆ ಗೌರವದ ತತ್ತ್ವ ಬೇಕಿಲ್ಲ, ತಳ್ಳಬೇಡ ಎಂದು ಹೇಳಬೇಕು. ‘ಒಳಗೆ ತಪಾಸಣೆ ನಡೆಯುತ್ತಿದೆ, ಬಾಗಿಲು ತೆರೆಯಬೇಡಿ’ ಎಂದು ಬರೆಸಿ. ಒಳಗೆ ಮಲಗಿರುವವಳಿಗೆ ಹೇಳಬೇಕಾದದ್ದನ್ನು ಒಳಗಿನ ಗೋಡೆಯ ಮೇಲೆ ಬರೆಸಿ.

ಹ., ಬೆಂಗಳೂರು:

ಲ. ಅಕ್ಕ ಹೇಳಿದ್ದು ಸರಿ. ‘ಮರೆ’ ನಮ್ಮ ಪದ, ಬಾಯಲ್ಲಿ ಇರುವ ಪದ. ಹಾಗಾದರೆ ಹಕ್ಕಿಗೂ ಅದನ್ನೇ ಬೆಳೆಸೋಣ: ‘ಮರೆತನ’, ‘ಮರೆತನದ ಹಕ್ಕು’. ‘ತನ್ನಿರವು’ ಬಿಟ್ಟುಬಿಡುತ್ತೇನೆ.

ವೆಂ., ಮೈಸೂರು:

‘ಮರೆತನ’ವನ್ನು ಓದುವವನು ‘ಮರೆತನು’ ಎಂದು ಓದುತ್ತಾನೆ. ಬೇಡ.

ಆದರೆ ‘ಮರೆ’ಯ ಬಗ್ಗೆ ಒಂದು ಮಾತು. ಹಳಗನ್ನಡದಲ್ಲಿ ಇದಕ್ಕೆ ಶಕಟರೇಫ, ಅಂದರೆ ಈಗ ಬಳಕೆ ತಪ್ಪಿರುವ ‘ಱ’ ಅಕ್ಷರ: ‘ಮಱೆ’. ‘ಮಱೆವೊಗು’ ಎಂದರೆ ಶರಣು ಹೋಗು, ಆಶ್ರಯ ಪಡೆ. ಅಡಗುವುದು, ಕಾಯಲ್ಪಡುವುದು ಎರಡೂ ಒಂದೇ ಪದದಲ್ಲಿ. ಗುಪ್ ಧಾತುವಿನಲ್ಲಿ ನಾನು ತೋರಿಸಿದ್ದು ಇದೇ ಅರ್ಥಸರಣಿ. ಆದ್ದರಿಂದ ‘ಮರೆ’ ಒಪ್ಪುವವರು ‘ಗೋಪ್ಯತೆ’ಯನ್ನು ತಳ್ಳಲು ಕಾರಣವಿಲ್ಲ.

ಗಿ., ಧಾರವಾಡ:

ಕಾರಣವಿದೆ. ಧಾತುವಿನಲ್ಲಿ ಏನಿತ್ತು ಎಂಬುದರ ಮೇಲೆ ಇಂದಿನ ಅರ್ಥ ನಿಲ್ಲುವುದಿಲ್ಲ. ‘ಪ್ರೈವಸಿ’ಯ ಬುಡದಲ್ಲಿರುವ ಲ್ಯಾಟಿನ್ ಪದಕ್ಕೆ ಬಿಡಿ, ಒಂಟಿ, ತನ್ನದು ಎಂಬ ಅರ್ಥಗಳಿದ್ದವು, ಅದೇ ಬುಡದಿಂದ ಹುಟ್ಟಿದ ಕ್ರಿಯಾಪದಕ್ಕೆ ಕಸಿದುಕೊಳ್ಳು, ವಂಚಿತನಾಗಿಸು ಎಂಬ ಅರ್ಥ ಬಂತು, ಇಂಗ್ಲಿಷಿನ ‘ಡಿಪ್ರೈವ್’ ಅದರ ವಂಶದ್ದು. ಸಾರ್ವಜನಿಕ ಹುದ್ದೆಯಿಂದ ದೂರವಿದ್ದವನು ‘ಪ್ರೈವೇಟ್’. ಹಾಗೆಂದು ಇಂಗ್ಲಿಷಿನವರು ಪ್ರೈವಸಿ ಬೇಕೆಂದಾಗ ಏನನ್ನೋ ಕಳೆದುಕೊಳ್ಳಲು ಬಯಸುತ್ತಿದ್ದಾರೆಯೇ? ಗೋವು ಕಾಯುವವನನ್ನು ಹಿಡಿದು ಇಂದಿನ ನಮೂನೆ ಬರೆಯಲಾಗುವುದಿಲ್ಲ ಮೇಷ್ಟ್ರೇ. ಬೀದಿಯ ಗೋಡೆಗಳ ಮೇಲೆ ‘ಗುಪ್ತರೋಗ’ ಎಂಬ ಜಾಹೀರಾತು ಓದಿ ಬೆಳೆದ ಜನ ಆಸ್ಪತ್ರೆಯಲ್ಲಿ ಗುಪ್ತ, ಗೋಪ್ಯ ಎಂದು ಕಂಡರೆ ಪಾಣಿನಿಯನ್ನು ನೆನೆಯುವುದಿಲ್ಲ.

ಮು., ಮಂಗಳೂರು:

ನೆರೆಯ ಭಾಷೆಗಳನ್ನು ನೋಡಿದರೆ ದಾರಿ ಸಿಗಬಹುದು. ತಮಿಳಿನಲ್ಲಿ ‘ತನಿಯುರಿಮೈ’, ತನಿ ಎಂದರೆ ಒಂಟಿ, ಬೇರೆ, ಉರಿಮೈ ಹಕ್ಕು. ನಮ್ಮ ‘ತನಿ’ಗೆ ಆ ಅರ್ಥದ ಬಳಕೆ ಉಳಿದಿಲ್ಲ, ತನಿವಣ್ಣು ಎಂದರೆ ಮಾಗಿದ ಹಣ್ಣು. ಹಿಂದಿಯ ‘ನಿಜತಾ’ ಇಲ್ಲಿ ಕಾಲಿಡುವಂತಿಲ್ಲ. ಸಂಸ್ಕೃತದಲ್ಲಿ ನಿಜ ಎಂದರೆ ತನ್ನದು, ಕನ್ನಡದಲ್ಲಿ ನಿಜ ಎಂದರೆ ಸತ್ಯ. ‘ನಿಜತೆಯ ಹಕ್ಕು’ ಎಂದರೆ ಸತ್ಯ ಹೇಳುವ ಹಕ್ಕೆಂದು ತಿಳಿಯುತ್ತಾರೆ. ಮಲಯಾಳದ ‘ಸ್ವಕಾರ್ಯತ’ ಕೇಳಲು ಚೆಂದ, ಆದರೆ ನಮ್ಮಲ್ಲಿ ಸ್ವಾಮಿಕಾರ್ಯದೊಡನೆ ಸ್ವಕಾರ್ಯವೂ ಆಯಿತು ಎನ್ನುವಾಗ ಬರುವ ಪದ ಅದು.

ಮಲಯಾಳದಿಂದ ಒಂದು ವಿಷಯ ಕಲಿಯಬೇಕು. ಅಲ್ಲಿ ಖಾಸಗಿ ಬಸ್ಸೂ ‘ಸ್ವಕಾರ್ಯ ಬಸ್’, ಕಿವಿಯಲ್ಲಿ ಹೇಳುವ ಮಾತೂ ‘ಸ್ವಕಾರ್ಯಂ’, ಹಕ್ಕೂ ‘ಸ್ವಕಾರ್ಯತ’. ಅಲ್ಲಿಯವರಿಗೆ ಗೊಂದಲವಾಗುವುದಿಲ್ಲ. ಇಂಗ್ಲಿಷಿನಲ್ಲಿಯೂ ಪ್ರೈವೇಟ್ ಬಸ್, ಪ್ರೈವೇಟ್ ಮಾತು ಒಂದೇ ಪದದಿಂದ ನಡೆಯುತ್ತವೆ. ‘ಖಾಸಗಿ ಮಾತು’, ‘ಖಾಸಗಿ ಬದುಕು’ ಎಂದು ನಾವೇ ಬರೆಯುತ್ತೇವಲ್ಲ. ಸು. ಅವರ ಅಂಜಿಕೆ ಬಾಗಿಲ ಫಲಕಕ್ಕೆ ಸರಿ, ಹಕ್ಕಿನ ಪಟ್ಟಿಗೆ ಸಲ್ಲದು.

‘ಏಕಾಂತ’ವನ್ನು ಯಾರೂ ಎತ್ತಿಕೊಳ್ಳಲಿಲ್ಲ. ಪುರಾಣ, ಯಕ್ಷಗಾನಗಳಲ್ಲಿ ಇಬ್ಬರು ಸೇರಿ ಆಡುವ ಗುಟ್ಟಿನ ಮಾತಿಗೂ ಏಕಾಂತ ಎನ್ನುತ್ತಾರೆ. ಆದರೆ ಉಡುಪಿಯ ಕೃಷ್ಣಮಠದಲ್ಲಿ ದಿನದ ಕೊನೆಗೆ ನಡೆಯುವುದು ಏಕಾಂತ ಸೇವೆ; ಈ ಭಾಗದವರ ಕಿವಿಯಲ್ಲಿ ಆ ಪದ ಅಲ್ಲಿಯದೇ ಆಗಿದೆ. ಆಸ್ಪತ್ರೆಗೆ ಬೇಡ.

ನಾ., ಲಂಡನ್:

ಇಲ್ಲಿನವರ ಬಾಯಲ್ಲಿ ಅದು ಬಹುಮಟ್ಟಿಗೆ ‘ಪ್ರಿವಸಿ’, ಮೊದಲಕ್ಷರ ಹ್ರಸ್ವ. ‘ಪ್ರೈವಸಿ’ ಅಮೆರಿಕದ ಉಚ್ಚಾರ, ಭಾರತದಲ್ಲಿಯೂ ಅದೇ ಬಳಕೆ. ಲಿಪ್ಯಂತರ ಮಾಡುವುದಾದರೆ ‘ಪ್ರೈವಸಿ’ಯೇ ಇರಲಿ.

ಬಳಕೆಯನ್ನು ನೋಡಿ. ‘ಸೀಕ್ರೆಟ್’ ಎಣಿಕೆಗೆ ಸಿಗುತ್ತದೆ, ಒಂದು, ಎರಡು ಎನ್ನಬಹುದು. ಪ್ರೈವಸಿಗೆ ಬಹುವಚನವಿಲ್ಲ, ಅದು ಒಂದು ಸ್ಥಿತಿ. ಅದು ಇರುತ್ತದೆ, ಇಲ್ಲವಾಗುತ್ತದೆ, ಅದಕ್ಕೆ ಯಾರಾದರೂ ನುಗ್ಗುತ್ತಾರೆ, ಒಬ್ಬರಿಗೆ ಇನ್ನೊಬ್ಬರು ಒದಗಿಸುತ್ತಾರೆ. ಮನೆಯಲ್ಲಿ ಬೆಳೆದ ಮಗಳು ಸ್ವಲ್ಪ ಪ್ರೈವಸಿ ಬೇಕು ಎಂದರೆ ಏನೋ ಬಚ್ಚಿಡುತ್ತಿದ್ದಾಳೆ ಎಂದಲ್ಲ, ತನ್ನ ಪಾಡಿಗೆ ಬಿಡಿ ಎಂದು. 1890ರಲ್ಲಿ ವಾರನ್ ಮತ್ತು ಬ್ರ್ಯಾಂಡೈಸ್ ಎಂಬ ಇಬ್ಬರು ಅಮೆರಿಕನ್ ವಕೀಲರು ಈ ಹಕ್ಕಿನ ಬಗ್ಗೆ ಬರೆದಾಗ ಹಿಡಿದದ್ದು ಇದೇ ಎಳೆ, ತನ್ನ ಪಾಡಿಗೆ ಇರಗೊಡುವ ಹಕ್ಕು. ಆಗ ಅವರನ್ನು ಕೆಣಕಿದ್ದು ಹೊಸದಾಗಿ ಬಂದ ಕೈಕ್ಯಾಮೆರಾಗಳು ಮತ್ತು ಪತ್ರಿಕೆಗಳ ಹರಟೆ ಅಂಕಣಗಳು.

ಇದು ಇನ್‌ಲ್ಯಾಂಡ್ ಪತ್ರದ ಹಾಗೆ. ಒಳಗೆ ‘ಎಲ್ಲರೂ ಕ್ಷೇಮ, ಮಳೆ ಚೆನ್ನಾಗಿದೆ’ ಎಂದಷ್ಟೇ ಇದ್ದರೂ ವಿಳಾಸದಲ್ಲಿರುವವರೇ ಒಡೆಯಬೇಕು. ಗುಟ್ಟು ಇರಲೇಬೇಕೆಂದಿಲ್ಲ. ಹ. ಅವರ ‘ಗುಟ್ಟು’ ಇಲ್ಲಿಯೇ ಬಿದ್ದುಹೋಗುತ್ತದೆ.

ಸು., ಶಿವಮೊಗ್ಗ:

ಎಲ್ಲರಿಗೂ ಕೃತಜ್ಞತೆಗಳು. ಫಲಕ ಬರೆಯುವವರು ಎರಡು ಸಲ ಫೋನ್ ಮಾಡಿದರು, ಆದ್ದರಿಂದ ತೀರ್ಮಾನಿಸಿ ಕಳುಹಿಸಿದ್ದೇನೆ.

ಬಾಗಿಲ ಹೊರಗೆ, ಮೂರು ಸಾಲು: ‘ಒಳಗೆ ತಪಾಸಣೆ ನಡೆಯುತ್ತಿದೆ. / ಕರೆಯುವವರೆಗೆ ಹೊರಗೆ ಕಾಯಿರಿ. / ಬಾಗಿಲು ತೆರೆಯಬೇಡಿ.’

ಕೊಠಡಿಯ ಒಳಗೆ, ಮಂಚದಿಂದ ಕಾಣುವ ಗೋಡೆಯ ಮೇಲೆ: ‘ಇಲ್ಲಿ ನಿಮಗೆ ಮರೆ ಇದೆ. / ನೀವು ಹೇಳಿದ್ದು ಹೊರಗೆ ಹೋಗದು. / ಜೊತೆಯವರು ಬೇಡವೆಂದರೆ ತಿಳಿಸಿ.’ ಕೊನೆಯ ಸಾಲು ಇಂಗ್ಲಿಷಿನಲ್ಲಿ ಇರಲಿಲ್ಲ. ಲ. ಅಕ್ಕ ಬರೆದದ್ದನ್ನು ವೈದ್ಯೆಗೆ ಓದಿ ಹೇಳಿದೆ, ಅವರೇ ಸೇರಿಸಿದರು. ಪರದೆಗೆ ಇನ್ನೊಂದು ಅಗಲ ಬಟ್ಟೆ ಹೊಲಿಸುವುದಾಗಿಯೂ ಹೇಳಿದ್ದಾರೆ.

ನಮೂನೆಯಲ್ಲಿ ರೋಗಿಯ ಹಕ್ಕು ‘ಖಾಸಗಿತನದ ಹಕ್ಕು’. ಕಡತ, ವರದಿಗಳ ವಿಷಯದಲ್ಲಿ ಆಸ್ಪತ್ರೆಯ ಹೊಣೆ ‘ಗೋಪ್ಯವಾಗಿಡುತ್ತೇವೆ’, ‘ಗೌ’ ಅಲ್ಲ, ‘ಗೋ’. ತಲೆಬರಹ ಮಾತ್ರ ಉಳಿದಿದೆ.

ಗಿ., ಧಾರವಾಡ:

ತಲೆಬರಹಕ್ಕೆ ‘ನೋಟಿಸ್’ ಬೇಡವೇ ಬೇಡ. ನಮ್ಮಲ್ಲಿ ನೋಟಿಸ್ ಬಂತು ಎಂದರೆ ಕೋರ್ಟಿನದು ಅಥವಾ ಬ್ಯಾಂಕಿನದು, ಜನ ಸಹಿಗೆ ಹೆದರುತ್ತಾರೆ. ‘ನಿಮ್ಮ ವೈಯಕ್ತಿಕ ಮಾಹಿತಿಯ ಬಗ್ಗೆ ತಿಳಿವಳಿಕೆ’ ಎಂದು ಹಾಕಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಹೆಸರಿನಲ್ಲಿಯೇ ಪ್ರೈವಸಿ ಎಂಬ ಪದವಿಲ್ಲ, ನಿಮ್ಮ ತಲೆಬರಹದಲ್ಲಿ ಇರಲೇಬೇಕೆಂದೇನೂ ಇಲ್ಲ. ಅದೇ ಕಾಯ್ದೆಯ ಪ್ರಕಾರ ಇಂಥ ತಿಳಿವಳಿಕೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿರುವ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆಯನ್ನು ಜನರಿಗೆ ಕೊಡಬೇಕು. ಇನ್ನು ಮುಂದೆ ಈ ಪದಗಳೆಲ್ಲ ಕನ್ನಡದಲ್ಲಿ ಪ್ರತಿದಿನ ಬೇಕಾಗುತ್ತವೆ. ಈಗಲೇ ಜನರಿಗೆ ತಿಳಿಯುವ ಹಾಗೆ ಬರೆಯದಿದ್ದರೆ, ಯಂತ್ರ ಕೊಟ್ಟ ‘ಗೌಪ್ಯತಾ ನೀತಿ’ಯೇ ಮೊಳೆ ಹೊಡೆದುಕೊಂಡು ಕೂರುತ್ತದೆ.

ಹ., ಬೆಂಗಳೂರು:

ಬಾಗಿಲಿಗೆ ಕನ್ನಡ, ಹಕ್ಕಿಗೆ ಪಾರಸಿ, ಹೊಣೆಗೆ ಸಂಸ್ಕೃತ. ಮೇಲಕ್ಕೆ ಹೋದಂತೆ ಕನ್ನಡ ಕಳಚಿಕೊಳ್ಳುತ್ತದೆ. ಇದು ಈ ಒಂದು ಪದದ ಕಥೆಯಲ್ಲ. ಮೈಗೆ, ಅಡುಗೆಮನೆಗೆ ಕನ್ನಡ ಸಾಕು, ಕಾನೂನಿಗೆ, ಕಚೇರಿಗೆ ಸಾಲದು ಎಂದು ನಾವೇ ಒಪ್ಪಿಕೊಂಡುಬಿಟ್ಟಿದ್ದೇವೆ. ನನಗೆ ನೋವಾಗುವುದು ಇದಕ್ಕೆ. ಪದ ಕಟ್ಟಿದೊಡನೆ ‘ಯಾರಿಗೂ ತೆರೆದುಕೊಳ್ಳುವುದಿಲ್ಲ’ ಎಂದು ಹೊಡೆದುಹಾಕುತ್ತೀರಿ. ‘ಖಾಸಗಿತನ’ ಮೊದಲ ದಿನವೇ ತೆರೆದುಕೊಂಡಿತ್ತೇ?

ಗಿ., ಧಾರವಾಡ:

ತೆರೆದುಕೊಂಡಿತ್ತು, ಏಕೆಂದರೆ ‘ಖಾಸಗಿ’ಯೂ ‘ತನ’ವೂ ಜನರ ಬಾಯಲ್ಲಿ ಇದ್ದವು. ‘ಬೇಜವಾಬ್ದಾರಿತನ’ ನೋಡಿ, ಬುಡದಿಂದ ತುದಿಯವರೆಗೆ ಪಾರಸಿ ಅರಬ್ಬಿ, ಕೊನೆಯಲ್ಲಿ ನಮ್ಮ ‘ತನ’. ನಾಜೂಕುತನವೂ ಹಾಗೆಯೇ. ಇವನ್ನು ಕೇಳಿ ಯಾರಾದರೂ ಇವು ಕನ್ನಡವಲ್ಲ ಎಂದಾರೇ? ನಾನು ವಕೀಲ, ನಿತ್ಯ ಅರ್ಜಿ, ಜಾಮೀನು, ವಕಾಲತ್ತುಗಳಲ್ಲಿ ಬದುಕುವವನು. ಅವು ಬಂದದ್ದು ಎಲ್ಲಿಂದ ಎಂದು ನನ್ನ ಕಕ್ಷಿದಾರ ರೈತ ಕೇಳುವುದಿಲ್ಲ, ಅವುಗಳಿಂದ ತನ್ನ ಕೆಲಸ ಆಗುತ್ತದೆಯೇ ಎಂದು ಕೇಳುತ್ತಾನೆ. ಕಾನೂನಿನಲ್ಲಿ ಕನ್ನಡ ಬೇಕೆಂಬುದರಲ್ಲಿ ನಿಮಗಿಂತ ನಾನು ಹಿಂದಿಲ್ಲ. ಆ ಕನ್ನಡ ವಾಕ್ಯದಲ್ಲಿ ಇರಲಿ. ‘ನಿಮ್ಮ ಮಾಹಿತಿಯನ್ನು ಯಾರಿಗೆ ಕೊಡುತ್ತೇವೆ, ಏಕೆ ಕೊಡುತ್ತೇವೆ, ನೀವು ಬೇಡವೆಂದರೆ ಏನಾಗುತ್ತದೆ’ ಎಂದು ಬರೆದರೆ ಕನ್ನಡ ಗೆಲ್ಲುತ್ತದೆ. ಒಂದು ನಾಮಪದದ ಜಾತಕ ಜಾಲಾಡುವುದರಿಂದ ಗೆಲ್ಲುವುದಿಲ್ಲ.

ವೆಂ., ಮೈಸೂರು:

ವ್ಯಾಕರಣಕಾರ ಕೇಶಿರಾಜ ಹದಿಮೂರನೆಯ ಶತಮಾನದಲ್ಲಿಯೇ ಕನ್ನಡವನ್ನೂ ಸಂಸ್ಕೃತವನ್ನೂ ಕಂಡಕಂಡಂತೆ ಬೆಸೆಯಬಾರದು ಎಂದು ಅರಿಸಮಾಸದ ನಿಯಮ ಹೇಳಿದ. ಪಾರಸಿಗೆ ‘ತನ’ ಹಚ್ಚುವುದನ್ನು ಅವನು ಒಪ್ಪುತ್ತಿದ್ದನೇ?

ಮು., ಮಂಗಳೂರು:

ಅರಿಸಮಾಸ ಸಮಾಸದ ಮಾತು, ‘ತನ’ ತದ್ಧಿತ ಪ್ರತ್ಯಯ. ನಿಯಮ ಇಲ್ಲಿಗೆ ತಾಗುವುದಿಲ್ಲ. ತಾಗುವ ಕಡೆಯೂ ಜನ ಕಾದಿಲ್ಲ: ದಿನಗೂಲಿ ಎನ್ನುತ್ತೇವೆ, ದಿನ ಸಂಸ್ಕೃತ, ಕೂಲಿ ನಮ್ಮದು, ಆದೇಶಸಂಧಿಯೂ ಆಗಿದೆ.

ಲ., ಹಾವೇರಿ:

ಸು. ತಂಗಿ, ‘ಜೊತೆಯವರು ಬೇಡವೆಂದರೆ ತಿಳಿಸಿ’ ಎಂಬ ಸಾಲು ಗೋಡೆಯ ಮೇಲಿದ್ದರೆ ಅತ್ತೆಯೂ ಅದನ್ನು ಓದುತ್ತಾಳೆ. ಆ ಮೇಲೆ ಸೊಸೆ ಬಾಯಿ ಬಿಡಲಾರಳು. ಬದಲಿಗೆ ‘ತಪಾಸಣೆಗೆ ಒಬ್ಬರೇ ಒಳಗೆ ಬನ್ನಿ’ ಎಂದು ಬಾಗಿಲ ಹೊರಗೆ ಬರೆಸಿ. ನಿಯಮ ಆಸ್ಪತ್ರೆಯದಾದರೆ ಬೈಗುಳ ಆಸ್ಪತ್ರೆಗೆ, ಆ ಹುಡುಗಿಗೆ ಅಲ್ಲ. ಒಳಗೆ ಬಂದ ಮೇಲೆ ಅಮ್ಮ ಬೇಕು, ಅಕ್ಕ ಬೇಕು ಎಂದು ಅವಳೇ ಕೇಳಿದರೆ ಕರೆಯಬಹುದು.

ಸು., ಶಿವಮೊಗ್ಗ:

ಲ. ಅಕ್ಕಾ, ಸಾಲು ಬದಲಾಯಿಸಿ ಮತ್ತೆ ಕಳುಹಿಸಿದೆ, ಬಣ್ಣ ಹಚ್ಚುವ ಮೊದಲೇ ತಲುಪಿತು. ತಲೆಬರಹ ಗಿ. ಅವರು ಹೇಳಿದಂತೆಯೇ ಹೋಯಿತು.

ಇನ್ನೊಂದು ತೊಡಕಿದೆ. ಈ ಆಸ್ಪತ್ರೆಗೆ ಬರುವವರಲ್ಲಿ ಉರ್ದು ಮನೆಮಾತಿನವರು ಬಹಳ, ನಮೂನೆ ಉರ್ದುವಿನಲ್ಲಿಯೂ ಆಗಬೇಕು. ಅನುವಾದಿಸಿದವರು ಪ್ರೈವಸಿಗೆ ಎಲ್ಲ ಕಡೆ ‘ರಾಜ್‌ದಾರಿ’ ಎಂದು ಬರೆದುಕೊಟ್ಟಿದ್ದಾರೆ. ಅದೂ ರಹಸ್ಯ ಕಾಯುವುದೇ ಅಲ್ಲವೇ? ‘ಖಾಸಗೀ’ ಹಾಕಬಹುದೇ ಎಂದು ಕೇಳಿದರೆ, ಉರ್ದುವಿನಲ್ಲಿ ಆ ಅರ್ಥಕ್ಕೆ ಅದು ನಡೆಯುವುದಿಲ್ಲ ಎಂದರು. ಮನೆಯಲ್ಲಿ ಉರ್ದು ಆಡುವವರು ಈ ಚರ್ಚೆಯಲ್ಲಿ ಇದ್ದರೆ, ನಿಮ್ಮ ಮನೆಯ ಹೆಂಗಸರು ‘ಮರೆ’ಗೆ ಏನು ಹೇಳುತ್ತಾರೆ ಎಂದು ದಯವಿಟ್ಟು ತಿಳಿಸಿ. ಸೋಮವಾರ ಮುದ್ರಣಕ್ಕೆ ಹೋಗಬೇಕು.